ಡಬ್ಬಿಗಿಂತ ಹೆಚ್ಚು

ಬ್ಯಾಡಗಿಯಲ್ಲಿ ಜೈತೂನಬಿ ಎಂಬ ಹೆಸರಿನವರು ನಾಲ್ಕು ಮಂದಿ ಇದ್ದಾರೆ. ನಾನು ಹೇಳುತ್ತಿರುವುದು ಮೆಣಸಿನಕಾಯಿ ಗೋದಾಮಿನಲ್ಲಿ ಬಣ್ಣ ನೋಡಿ ಕಾಯಿ ಆರಿಸುತ್ತಿದ್ದ ಜೈತೂನಬಿಯ ಬಗ್ಗೆ, ಹಮಾಲ ಮೌಲಾಸಾಬನ ಹೆಂಡತಿ. ಅವಳ ಬಗ್ಗೆ ನಿಜವಾಗಿ ಬರೆಯಬೇಕಾಗಿದ್ದವನು ನನ್ನ ತಮ್ಮ ರಾಘಣ್ಣ. ಅವನು ಹೋಗಿ ಎರಡು ವರ್ಷವಾಗುತ್ತ ಬಂತು. ಉಳಿದವಳು ನಾನು, ಇಂದಿರಾಬಾಯಿ, ಮೂವತ್ತಾರು ವರ್ಷ ಕನ್ನಡ ಸಾಲೆಯಲ್ಲಿ ಮಕ್ಕಳ ಕಿವಿ ಹಿಂಡಿದವಳು. ಈ ಕಥೆಯಲ್ಲಿ ತಪ್ಪು ಮಾಡಿದವಳೂ ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಮುಚ್ಚಿಟ್ಟು ಆಮೇಲೆ ಸೆರಗು ಕಣ್ಣಿಗೆ ಒತ್ತಿಕೊಳ್ಳುವ ಚಾಳಿ ನನಗಿಲ್ಲ.

ರಾಘಣ್ಣ ರಾಣೇಬೆನ್ನೂರಿನ ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುತ್ತಿದ್ದ. ಮದುವೆಯಾಗಲಿಲ್ಲ. ನಿವೃತ್ತನಾದ ಮೇಲೆ ಬ್ಯಾಡಗಿಯ ನನ್ನ ಮನೆಗೆ ಬಂದ, ಮೂರು ಟ್ರಂಕು ಪುಸ್ತಕ ಮತ್ತು ಒಂದು ತಗಡಿನ ಕೊಳವೆಯ ಸಮೇತ. ನಾನು ಅದನ್ನು ಸ್ನಾನದ ನೀರು ಕಾಯಿಸುವ ಬಂಬು ಎಂದುಕೊಂಡು, ನಮ್ಮ ಮನೆಯಲ್ಲಿ ಒಂದು ಇದೆಯಲ್ಲ, ಇದನ್ನೇಕೆ ಹೊತ್ತು ತಂದೆ ಎಂದು ಬಯ್ದೆ. ಅದು ದುರ್ಬೀನು. ಒಳಗಿನ ಆರಿಂಚಿನ ಕನ್ನಡಿಯನ್ನು ಅವನೇ ಎರಡು ವರ್ಷ ಕೂತು ಉಜ್ಜಿದ್ದ, ಕೊಳವೆಯನ್ನು ರಾಣೇಬೆನ್ನೂರಿನ ಮುನಾಫನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದ. ಅಟ್ಟ ಹತ್ತಿ ಮಾಳಿಗೆಯ ಮೇಲೆ ಅದನ್ನು ನಿಲ್ಲಿಸಿದ ದಿನದಿಂದ ನನ್ನ ಸಂಡಿಗೆ ಹಪ್ಪಳಗಳಿಗೆ ಅಲ್ಲಿ ಜಾಗ ಇಲ್ಲದಾಯಿತು.

ಅವನು ಬೆನ್ನು ಹತ್ತಿದ್ದು ಒಂದೇ ಒಂದು ನಕ್ಷತ್ರವನ್ನು. ಬರಿಗಣ್ಣಿಗೆ ಕಾಣದ ಕೆಂಪನೆಯದು, ಮಹಾವ್ಯಾಧ ಎಂಬ ತಾರಾಪುಂಜದ ಕಾಲಿನ ಕೆಳಗೆ ಎಲ್ಲೋ ಇರುವುದು. ನಕ್ಷತ್ರಗಳ ಪಟ್ಟಿಯಲ್ಲಿ ಅದಕ್ಕೆ ಮಾರುದ್ದದ ನಂಬರು. ನಾವು ಮನೆಯಲ್ಲಿ ಬುಗುರಿ ಎನ್ನುತ್ತಿದ್ದೆವು, ಯಾಕೆಂದರೆ ಅದು ಅಷ್ಟು ಜೋರಾಗಿ ತಿರುಗುತ್ತದೆ. ನಮ್ಮ ಸೂರ್ಯನಿಗೆ ಒಂದು ಸುತ್ತು ತಿರುಗಲು ಹತ್ತಿರ ಹತ್ತಿರ ಒಂದು ತಿಂಗಳು ಬೇಕು, ಬುಗುರಿಗೆ ಮೂವತ್ತೆಂಟು ತಾಸು ಸಾಕು. ಹಾಗೆ ತಿರುಗುವುದರಿಂದ ಅದರೊಳಗೆ ಅಯಸ್ಕಾಂತದ ಬಲ ಹುಟ್ಟುತ್ತದೆಯಂತೆ. ಆ ಬಲ ಮೈಯನ್ನು ಸೀಳಿ ಮೇಲೆದ್ದ ಕಡೆ ಕಪ್ಪು ಕಲೆ. ಕಲೆ ನಮ್ಮ ಕಡೆ ತಿರುಗಿದಾಗ ನಕ್ಷತ್ರ ತುಸು ಮಂಕು, ಆ ಕಡೆ ಹೋದಾಗ ತುಸು ಹೊಳಪು. ಆ ತುಸುವನ್ನು ಪ್ರತಿ ಸಂಜೆ ಬರೆದಿಟ್ಟರೆ, ಅಲ್ಲಿಗೆ ಯಾರೂ ಹೋಗದೆ ಅದರ ಮೈಮೇಲಿನ ಕಲೆಗಳು ಎಲ್ಲಿ ಹುಟ್ಟುತ್ತವೆ, ಎಲ್ಲಿ ಸರಿಯುತ್ತವೆ ಎಂದು ತಿಳಿಯಬಹುದು. ಇದು ಅವನ ಕೆಲಸ. ಇದಕ್ಕೆ ಯಾರೂ ಅವನಿಗೆ ಹೇಳಿರಲಿಲ್ಲ, ಯಾರೂ ಕೇಳಲೂ ಇಲ್ಲ.

ಆದರೆ ಬಂದ ವರ್ಷವೇ ಅವನ ಕಣ್ಣು ಕೈಕೊಟ್ಟಿತು. ಹಾವೇರಿಯ ಕಣ್ಣಿನ ಡಾಕ್ಟರು ನೋಡಿ, ನೋಟದ ನಟ್ಟನಡುವೆ ಸವೆತ ಬಂದಿದೆ, ಅದು ಇನ್ನು ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ ಎಂದರು. ಯಾವುದನ್ನು ದಿಟ್ಟಿಸಿ ನೋಡುತ್ತಾನೋ ಅದೇ ಅವನಿಗೆ ಕಾಣದು, ಸುತ್ತಲಿನದೆಲ್ಲ ಕಾಣುತ್ತದೆ. ಬಸ್ಸಿನಲ್ಲಿ ಬರುವಾಗ ಮೋಟೆಬೆನ್ನೂರು ದಾಟಿದ ಮೇಲೆ, ನಕ್ಷತ್ರದ ಕಲೆ ನೋಡಲು ಹೋದವನ ಕಣ್ಣಿಗೇ ಕಲೆ ಬಿತ್ತು ನೋಡು ಎಂದು ನಕ್ಕ. ನನಗೆ ನಗು ಬರಲಿಲ್ಲ.

ಜೈತೂನಬಿ ನಮ್ಮ ಮನೆಗೆ ಬಂದದ್ದು ಆ ಚಳಿಗಾಲದಲ್ಲಿ, ವರ್ಷದ ಖಾರಪುಡಿಗೆ ಮೆಣಸಿನಕಾಯಿ ಸೋಸಿಕೊಡಲು. ಪಡಸಾಲೆಯಲ್ಲಿ ಕೂತು ತೊಟ್ಟು ತೆಗೆಯುತ್ತ, ಮಾತಾಡುತ್ತ, ಕಾಯಿಗಳನ್ನು ಏಳು ಗುಂಪು ಮಾಡಿದಳು. ನನ್ನ ಕಣ್ಣಿಗೆ ಎಲ್ಲವೂ ಕೆಂಪು. ಬಹಳವೆಂದರೆ ಎರಡು ಥರದ ಕೆಂಪು. ಏನವ್ವಾ ಇದು ಆಟ ಎಂದು ಕೇಳಿದೆ. ಅವಳು ಒಂದೊಂದು ಗುಂಪನ್ನೂ ತೋರಿಸಿ, ಇದು ಇಬ್ಬನಿ ತಿಂದದ್ದು, ಇದು ಎರಡು ದಿನ ಹೆಚ್ಚು ಒಣಗಿದ್ದು, ಇದು ಕಳೆದ ವರ್ಷದ ಕಾಯಿ ಕೋಲ್ಡ್ ಸ್ಟೋರೇಜಿನಿಂದ ಬಂದದ್ದು, ನಿಮ್ಮ ಅಂಗಡಿಯವ ಬೆರೆಸಿ ಕೊಟ್ಟಿದ್ದಾನೆ ಎಂದಳು. ನಾನು ಅಂಗಡಿಯವನ ಹತ್ತಿರ ಹೋಗಿ ಜಗಳಾಡಿದೆ. ಅವನು ಒಪ್ಪಿಕೊಂಡ. ಜೈತೂನಬಿ ನೋಡಿದಳು ಎಂದ ಮೇಲೆ ಮಾತಿಲ್ಲ ಅಕ್ಕಾರ ಎಂದ.

ರಾಘಣ್ಣ ಇದನ್ನೆಲ್ಲ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದ. ಅವತ್ತು ಸಂಜೆಯೇ ಅವಳನ್ನು ಮಾಳಿಗೆಗೆ ಕರೆದ. ಹೊತ್ತು ಮುಳುಗಿದ ಮೇಲೆ ಗಂಡಸಿನ ಜೊತೆ ಮಾಳಿಗೆ ಹತ್ತಲು ಅವಳು ಒಪ್ಪಬೇಕಲ್ಲ. ನಾನು ಕುರ್ಚಿ ಹೊತ್ತುಕೊಂಡು ಹೋಗಿ ಕಾವಲಿಗೆ ಕೂತೆ. ಮೌಲಾಸಾಬ ಕೆಳಗೆ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತ. ಅಂದಿನಿಂದ ಎಷ್ಟೋ ವರ್ಷ ನಮ್ಮ ನಾಲ್ವರ ಜಾಗ ಅದೇ.

ಕೆಲಸದ ರೀತಿ ಹೀಗೆ. ಬುಗುರಿಯ ಅಕ್ಕಪಕ್ಕ ಎರಡು ನಕ್ಷತ್ರಗಳಿವೆ, ಒಂದು ಅದಕ್ಕಿಂತ ಹೊಳಪು, ಇನ್ನೊಂದು ಮಂಕು. ಅವೆರಡೂ ಬದಲಾಗುವುದಿಲ್ಲ. ಜೈತೂನಬಿ ಅವಕ್ಕೆ ತನ್ನ ಕಸುಬಿನ ಹೆಸರನ್ನೇ ಇಟ್ಟಳು. ಹೊಳಪಿನದು ಡಬ್ಬಿ, ನಮ್ಮ ದುಂಡನೆಯ ತುಂಬು ಬಣ್ಣದ ಕಾಯಿಯ ಹೆಸರು. ಮಂಕಾದದ್ದು ಕಡ್ಡಿ, ಸಣಕಲು ಕಾಯಿಯದು. ನಡುವಿನದನ್ನು ಹತ್ತು ಪಾಲು ಮಾಡಿ, ಬುಗುರಿ ಇವತ್ತು ಡಬ್ಬಿಯಿಂದ ಎಷ್ಟು ಪಾಲು ದೂರ, ಕಡ್ಡಿಯಿಂದ ಎಷ್ಟು ಎಂದು ಹೇಳಬೇಕು. ಡಬ್ಬಿಗೆ ಮೂರು, ಕಡ್ಡಿಗೆ ಏಳು. ಡಬ್ಬಿಗೆ ಆರು, ಕಡ್ಡಿಗೆ ನಾಲ್ಕು. ಅವಳು ಹೇಳುತ್ತಿದ್ದಳು, ಅವನು ದಪ್ಪ ಅಕ್ಷರದಲ್ಲಿ ಹೊತ್ತಿನ ಸಮೇತ ಬರೆಯುತ್ತಿದ್ದ.

ಬುಗುರಿ ಇವತ್ತು ಎಷ್ಟಿರಬಹುದು ಎಂಬ ತನ್ನ ಎಣಿಕೆಯನ್ನು ಅವನು ಅವಳಿಗೆ ಹೇಳುತ್ತಿರಲಿಲ್ಲ. ಇದನ್ನು ಅವನಿಗೆ ಕಲಿಸಿದವಳೂ ಅವಳೇ. ಗೋದಾಮಿನಲ್ಲಿ ಒಳ್ಳೆಯ ಸಾಹುಕಾರ ಕಾಯಿಯ ಲಾಟು ಯಾರದೆಂದು ಆರಿಸುವವರಿಗೆ ಹೇಳುವುದಿಲ್ಲವಂತೆ, ಹೆಸರು ಗೊತ್ತಾದರೆ ಕಣ್ಣು ಮುಲಾಜಿಗೆ ಬೀಳುತ್ತದೆ. ರಾಘಣ್ಣನಿಗೆ ಇದು ಎಷ್ಟು ಹಿಡಿಸಿತೆಂದರೆ ಮೂರು ದಿನ ಅದನ್ನೇ ಹೇಳಿದ. ಮೊದಲ ಪುಸ್ತಕದ ಮೊದಲ ಹಾಳೆಯಲ್ಲಿ ಅವನು ಬರೆದ: ನೋಡಿದವರು, ಜೈತೂನಬಿ ಮೌಲಾಸಾಬ, ಬ್ಯಾಡಗಿ. ಬರೆದವರು, ರಾಘವೇಂದ್ರ. ಹತ್ತು ವರ್ಷದ ದಾಖಲೆಯಾದ ಮೇಲೆ ತಿಳಿದವರಿಗೆ ಕಳಿಸುತ್ತೇನೆ, ಇದೇ ಹೆಸರು ಅಚ್ಚಾಗುತ್ತದೆ ಎಂದು ಅವಳಿಗೆ ಮಾತು ಕೊಟ್ಟ.

ಆ ಮಾತು ಅವಳಿಗೆ ಎಷ್ಟು ದೊಡ್ಡದಾಗಿತ್ತು ಎಂದು ನನಗೆ ನಿಧಾನವಾಗಿ ತಿಳಿಯಿತು. ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವಳು. ಅವಳ ಹೆಸರು ಇದ್ದದ್ದು ರೇಷನ್ ಕಾರ್ಡಿನಲ್ಲಿ, ಅಲ್ಲಿಯೂ ತಪ್ಪಾಗಿ. ಅವಳು ಆರಿಸಿದ ಕಾಯಿ ಯಾವ ಯಾವ ದೇಶಕ್ಕೋ ಹೋಗುತ್ತಿತ್ತು, ಚೀಲದ ಮೇಲೆ ಸಾಹುಕಾರನ ಹೆಸರು. ಪ್ರತಿ ವರ್ಷ ಮಳೆಗಾಲ ಕಳೆದು ಪೇಟೆಗೆ ಹೊಸ ಕಾಯಿ ಬರುವ ಹೊತ್ತಿಗೆ ಬುಗುರಿಯೂ ಸಂಜೆಯ ಆಕಾಶಕ್ಕೆ ಬರುತ್ತಿತ್ತು, ಅವಳೂ ಬರುತ್ತಿದ್ದಳು. ಬಂದವಳೇ ಮೊದಲು ಹೊಸ ಪುಸ್ತಕದ ಮೊದಲ ಹಾಳೆ ತೆಗೆಸಿ ಹೆಸರು ನೋಡುತ್ತಿದ್ದಳು. ಸರಿ ಇದೆಯೇನವ್ವಾ, ನಿನ್ನ ಅಣ್ಣ ಏನಾದರೂ ಅಳಿಸಿದ್ದಾನೋ ಎಂದು ನಾನು ಕಾಡುತ್ತಿದ್ದೆ. ಸರ್ ನನಗೆ ಅಣ್ಣ ಆದರೆ ನೀವು ನನಗೆ ಏನಾಗ್ತೀರಿ ಬಾಯಾರ, ಜಗಳಗಂಟಿ ಅಕ್ಕ ಎಂದು ಅವಳು ನಗುತ್ತಿದ್ದಳು.

ಒಮ್ಮೆ ರಾಘಣ್ಣ ಒಂದು ವಿಚಿತ್ರ ಹೇಳಿದ. ನಕ್ಷತ್ರದ ಮೈಗಿಂತ ಅದರ ಮೇಲಿನ ತೆಳುವಾದ ಗಾಳಿ ನೂರಾರು ಪಟ್ಟು ಹೆಚ್ಚು ಬಿಸಿಯಂತೆ, ಜೋರಾಗಿ ತಿರುಗುವ ನಕ್ಷತ್ರಗಳಲ್ಲಿ ಇನ್ನೂ ಬಿಸಿ. ನಾನು ಬಿಡಲಿಲ್ಲ. ಒಲೆಯಿಂದ ದೂರ ಹೋದ ಹಾಗೆ ಬಿಸಿ ಕಡಿಮೆಯಾಗಬೇಕೇ ಹೊರತು ಹೆಚ್ಚಾಗುವುದು ಯಾವ ನ್ಯಾಯ ಎಂದೆ. ಜೈತೂನಬಿ ದುರ್ಬೀನಿನಿಂದ ಕಣ್ಣು ತೆಗೆಯದೆ, ಮೆಣಸಿನಕಾಯಿ ಹುರಿಯುವಾಗ ಹಂಚಿನ ಮುಂದೆ ಕೂತವಳಿಗೆ ಏನೂ ಆಗುವುದಿಲ್ಲ, ಹೊರಗೆ ಪಡಸಾಲೆಯಲ್ಲಿದ್ದವರು ಕೆಮ್ಮಿ ಸಾಯುತ್ತಾರಲ್ಲ ಎಂದಳು. ಸರಿಯಾದ ಉತ್ತರ ಅದಲ್ಲ, ಆದರೆ ನನ್ನ ಬಿ.ಎಸ್ಸಿ. ಹುಡುಗರು ಇಷ್ಟು ಹತ್ತಿರವೂ ಬಂದಿರಲಿಲ್ಲ ಎಂದು ರಾಘಣ್ಣ ಹೇಳಿದ. ಆ ಘಾಟೇ ಮುಂದೆ ನಮ್ಮ ಪಾಲಿಗೆ ಬರುತ್ತದೆ ಎಂದು ಯಾರಿಗೆ ಗೊತ್ತು.

ಇನ್ನೊಂದು ಸಂಗತಿಯನ್ನು ಅವನು ನನಗೆ ಮಾತ್ರ ಹೇಳಿದ್ದ. ಆ ಅಯಸ್ಕಾಂತದ ಎಳೆಗಳು ಹಗ್ಗದ ಹಾಗೆ ಹುರಿಗೊಂಡು ಹುರಿಗೊಂಡು ಒಮ್ಮೊಮ್ಮೆ ಪಟ್ಟನೆ ಹರಿಯುತ್ತವೆ. ಆಗ ನಕ್ಷತ್ರ ಭಗ್ಗನೆ ಬೆಳಗಿ, ಅರ್ಧ ತಾಸಿನೊಳಗೆ ಮತ್ತೆ ಮೊದಲಿನಂತಾಗುತ್ತದೆ. ಯಾವಾಗ ಎಂದು ಯಾರೂ ಹೇಳಲಾರರು. ದುರ್ಬೀನಿಗೆ ಕಣ್ಣಿಟ್ಟು ಅದನ್ನು ಕಂಡವರು ಬಹಳ ಕಡಿಮೆ. ಜೀವಮಾನದಲ್ಲಿ ಒಂದಾದರೂ ಸಿಕ್ಕರೆ ಸಾಕು ಎಂದು ಅವನಿಗೆ ಆಸೆ. ಇದನ್ನು ಜೈತೂನಬಿಗೆ ಬೇಕಂತಲೇ ಹೇಳಿರಲಿಲ್ಲ. ಹೇಳಿದರೆ ಅವಳ ಕಣ್ಣು ಅದನ್ನೇ ಹುಡುಕುತ್ತದೆ ಎಂಬ ಭಯ.

ಐದನೆಯ ವರ್ಷ, 2019ರ ಜನವರಿ. ಅವತ್ತು ಮಧ್ಯಾಹ್ನದಿಂದ ನಾನು ಮೆಣಸಿನಕಾಯಿ ಹುರಿಯುತ್ತಿದ್ದೆ. ಹೊಸರಿತ್ತಿಯ ನನ್ನ ಗೆಳತಿಯ ಮನೆಯಲ್ಲಿ ಮುಂಜಿ ಇತ್ತು, ಅವರಿಗೂ ಸೇರಿಸಿ ಮಸಾಲೆಪುಡಿ ಮಾಡಿಕೊಡುತ್ತೇನೆಂದು ಹೆಚ್ಚುಗಾರಿಕೆ ಮಾಡಿ ಒಪ್ಪಿಕೊಂಡಿದ್ದೆ. ಒಂದು ಹಂಚಿನ ಕಾಯಿ ಸೀದುಹೋಯಿತು. ಘಾಟು ಅಟ್ಟದ ಬಾಯಿಂದ ಮೇಲೆ ಹೋಗಿ ಮಾಳಿಗೆಯ ತುಂಬ ನಿಂತಿತು. ಮಗರಿಬ್ ನಮಾಜು ಮುಗಿಸಿ ಜೈತೂನಬಿ ಬಂದಾಗ ನಾವಿಬ್ಬರೂ ಕೆಮ್ಮುತ್ತಿದ್ದೆವು, ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವಳ ಕಣ್ಣಲ್ಲೂ ನೀರು ಬಂತು. ಭುಜಕ್ಕೆ ಒರೆಸಿಕೊಂಡು ದುರ್ಬೀನಿಗೆ ಕಣ್ಣಿಟ್ಟಳು.

ಏಳು ಗಂಟೆ ಐವತ್ತೆರಡು ನಿಮಿಷ. ಹೊತ್ತು ಪುಸ್ತಕದಲ್ಲಿದೆ.

"ಸರ್ರ, ಬುಗುರಿ ಡಬ್ಬಿಗಿಂತ ಹೆಚ್ಚಾಗೈತ್ರಿ," ಎಂದಳು.

ರಾಘಣ್ಣ ಬರೆಯುವುದನ್ನು ನಿಲ್ಲಿಸಿದ. ನಾಲ್ಕು ವರ್ಷದಲ್ಲಿ ಅದು ಡಬ್ಬಿಯನ್ನು ಮುಟ್ಟಿದ್ದೇ ಇಲ್ಲ. ಸರಿಯಾಗಿ ನೋಡು ಎಂದ. ಅವಳು ನೋಡಿದಳು. ಹೆಚ್ಚಾಗಿದೆ, ಬರೇ ಹೆಚ್ಚಾಗಿಲ್ಲ, ಕೆಂಪು ಬಿಟ್ಟು ಬೆಳ್ಳಗಾಗಿದೆ, ಇನ್ನೂ ಏರುತ್ತಿದೆ ಎಂದಳು. ಅವನು ಹಾಗೆಯೇ ಬರೆದ. ಎದ್ದು ತಾನೂ ಕಣ್ಣಿಟ್ಟ, ಪಾಪ, ಅವನಿಗೆ ನಡುವೆ ಆ ಕಪ್ಪು ಬಿಟ್ಟರೆ ಏನು ಕಾಣಬೇಕು.

ನಾನು ಬ್ಯಾಟರಿ ಹಿಡಿದು ಅವಳ ಮುಖ ನೋಡಿದೆ. ಎರಡೂ ಕಣ್ಣು ಕೆಂಡದ ಹಾಗೆ ಕೆಂಪಗಾಗಿದ್ದವು. ನನಗೆ ಹೆದರಿಕೆಯಾಯಿತು. ಹೊತ್ತಿಡೀ ಗೋದಾಮಿನಲ್ಲಿ ಖಾರದೊಳಗೆ ಕೂತು ಬರುವವಳು, ಮೇಲೆ ನನ್ನ ಸೀದ ಹಂಚಿನ ಘಾಟು, ಕಣ್ಣಿಗೆ ಖಾರ ಹತ್ತಿದೆ, ಅದಕ್ಕೇ ಇಲ್ಲದ್ದೆಲ್ಲ ಹೊಳೆಯುತ್ತಿದೆ ಎಂದು ತೀರ್ಮಾನ ಮಾಡಿದೆ. ಹೆಡ್‍ಮಾಸ್ತರಿಕೆ ಮಾಡಿದವಳು ನಾನು. ತೀರ್ಮಾನ ಮಾಡಿದ ಮೇಲೆ ಮುಗಿಯಿತು.

ರಾಘಣ್ಣ ಹೇಳಿದ, ಇದು ನನಗೆ ಈಗಲೂ ಕೇಳಿಸುತ್ತದೆ, "ಅಕ್ಕಾ, ಒಂದ ಐದ ಮಿನಿಟ ತಡಿ."

"ಅಕಿ ಕಣ್ಣು ಹೋದ ಮ್ಯಾಲೆ ನಿನ್ನ ನಕ್ಷತ್ರ ತಗೊಂಡು ಏನ ಮಾಡ್ತೀ?" ಎಂದು ನಾನು ಅವನ ಮೇಲೆ ಹರಿಹಾಯ್ದೆ.

ಕೆಳಗೆ ಓಡಿದೆ. ನಮ್ಮ ಕಡೆ ಕಣ್ಣಿಗೆ ಖಾರ ಬಿದ್ದರೆ ಮಾಡುವುದು ಒಂದೇ, ತಣ್ಣನೆಯ ಹಾಲಿನಲ್ಲಿ ಹತ್ತಿ ಅದ್ದಿ ಕಣ್ಣಿನ ಮೇಲೆ ಇಡುವುದು. ಅವಳು ಬೇಡರಿ, ನನಗೇನೂ ಆಗಿಲ್ಲ ಎಂದಳು. ನಾನು ಕೇಳಲಿಲ್ಲ. ಚಾಪೆಯ ಮೇಲೆ ಮಲಗಿಸಿ, ಎರಡೂ ಕಣ್ಣಿಗೆ ಹಾಲಿನ ಹತ್ತಿ ಇಟ್ಟು, ಮೇಲೆ ನನ್ನ ಕೈ ಇಟ್ಟು ಕೂತೆ. ಏಳಲು ನೋಡಿದಾಗ ಹಿಡಿದು ಒತ್ತಿದೆ. ಹಾಲು ಅವಳ ಕಿವಿಗೆ ಇಳಿಯುತ್ತಿತ್ತು. ಕೆಳಗಿನಿಂದ ಮೌಲಾಸಾಬ ಏನಾಯಿತೆಂದು ಕೂಗಿ ಕೇಳಿದ, ಏನಿಲ್ಲ ಎಂದೆ. ಇಪ್ಪತ್ತು ನಿಮಿಷ ಹಾಗೇ ಕಳೆಯಿತು.

ಎದ್ದು ಮುಖ ತೊಳೆದು ಅವಳು ಮತ್ತೆ ನೋಡಿದಳು. ಡಬ್ಬಿಗೆ ಮೂರು, ಕಡ್ಡಿಗೆ ಏಳು ಎಂದಳು. ನೋಡಿದಿರಾ, ಖಾರ ಹೋಯಿತು, ನಕ್ಷತ್ರ ಸರಿಯಾಯಿತು ಎಂದು ನಾನು ಗೆದ್ದವಳ ಹಾಗೆ ಹೇಳಿದೆ. ರಾಘಣ್ಣ ಬಹಳ ಹೊತ್ತು ಪೆನ್ನು ಹಿಡಿದುಕೊಂಡೇ ಇದ್ದ. ಕೊನೆಗೆ ಏಳು ಐವತ್ತೆರಡರ ಸಾಲಿನ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಬರೆದ: ಕಣ್ಣಿಗೆ ಖಾರ. ಲೆಕ್ಕಕ್ಕಿಲ್ಲ. ಬರೆದದ್ದನ್ನು ಓದಿ ಹೇಳುವುದು ಅವನ ರೂಢಿ, ಅವತ್ತೂ ಓದಿ ಹೇಳಿದ. ಜೈತೂನಬಿ ಸೆರಗಿನಿಂದ ಕಿವಿಯ ಹಾಲು ಒರೆಸಿಕೊಳ್ಳುತ್ತ ಕೇಳಿಸಿಕೊಂಡಳು.

ಈಗ ಯೋಚಿಸಿದರೆ ನನ್ನ ತಲೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಅವಳು ಇಪ್ಪತ್ತೆರಡು ವರ್ಷ ಮೆಣಸಿನಕಾಯಿಯಲ್ಲಿ ಕೂತವಳು. ಶೇಂಗಾ ಎಣ್ಣೆ ತಿಕ್ಕಿ, ಕಡಲೆಹಿಟ್ಟಿನಿಂದ ಕೈ ತೊಳೆಯದೆ ಒಮ್ಮೆಯೂ ನಮ್ಮ ಮನೆಯ ಮೆಟ್ಟಿಲು ಹತ್ತಿದವಳಲ್ಲ. ಕಣ್ಣು ತುರಿಸಿದರೆ ಭುಜ, ಬೆರಳು ಎಂದೂ ಇಲ್ಲ. ಘಾಟಿಗೆ ಅವಳ ಕಣ್ಣು ದಿನವೂ ಕೆಂಪಾಗುತ್ತಿತ್ತು, ಆ ಕೆಂಪು ಕಣ್ಣಿನಿಂದಲೇ ಅವಳು ಏಳು ಥರದ ಕೆಂಪನ್ನು ಬೇರೆ ಮಾಡುತ್ತಿದ್ದಳು. ಉರಿಯುತ್ತಿದ್ದದ್ದು ನನ್ನ ಕಣ್ಣು. ನನ್ನ ಉರಿಯನ್ನು ಅವಳ ಕಣ್ಣಿಗೆ ಕಟ್ಟಿದೆ.

ಮರುದಿನವೂ ಅವಳು ಬಂದಳು. ಆದರೆ ಏನೋ ಬದಲಾಗಿತ್ತು. ದುರ್ಬೀನಿಗೆ ಕಣ್ಣಿಟ್ಟು, ಇವತ್ತು ಎಷ್ಟಿರಬೇಕರಿ ಸರ್ ಎಂದು ಕೇಳಿದಳು. ನೀನು ಹೇಳು ಎಂದ ಅವನು. ಹೇಳಿದಳು, ಆದರೆ ಅರ್ಧ ದನಿಯಲ್ಲಿ. ಇದು ಹತ್ತಾರು ಸಂಜೆ ನಡೆಯಿತು. ಅವಳು ಕೇಳುವುದು, ಅವನು ತಡೆಯುವುದು. ಅಷ್ಟರಲ್ಲಿ ಅವನು ನಾಲ್ಕು ಪುಸ್ತಕಗಳಿಂದ ಲೆಕ್ಕ ತೆಗೆದು, ಬುಗುರಿ ಯಾವ ದಿನ ಎಷ್ಟು ಹೊಳೆಯಬೇಕು ಎಂಬ ಒಂದು ಪಟ್ಟಿ ಮಾಡಿ, ತನಗೆ ಕಾಣಲೆಂದು ದೊಡ್ಡ ಅಂಕಿಯಲ್ಲಿ ಬರೆಸಿ ಮಾಳಿಗೆಯ ಕೋಣೆಯ ಗೋಡೆಗೆ ಹಚ್ಚಿಸಿದ್ದ. ಅಂಕಿ ಓದಲು ಅವಳಿಗೆ ಬರುತ್ತಿತ್ತು. ಅವಳು ಆ ಗೋಡೆಯ ಪಕ್ಕದಲ್ಲಿಯೇ ಚಪ್ಪಲಿ ಬಿಡುತ್ತಿದ್ದಳು. ಅವನಿಗೆ ಇದು ಹೊಳೆಯಲಿಲ್ಲವೋ, ಹೊಳೆದರೂ ಒಳಗೇ ಇಟ್ಟುಕೊಂಡನೋ, ನಾನು ಹೇಳಲಾರೆ. ವಯಸ್ಸಾಗಿತ್ತು, ಕಣ್ಣು ಪೂರ್ತಿ ಹೋಗುತ್ತಿತ್ತು, ಅವಳ ಬಾಯಿಂದ ಬರುವ ಅಂಕಿ ಅವನ ಲೆಕ್ಕಕ್ಕೆ ತಾಳೆಯಾದಾಗ ಅವನ ಮುಖ ಅರಳುತ್ತಿತ್ತು. ನಾನೂ ಖುಷಿಪಟ್ಟೆ. ಜೈತೂನಳ ಕಣ್ಣು ಈಗ ಗಡಿಯಾರದ ಹಾಗಾಗಿದೆ ಎಂದು ಹೊಗಳಿದೆ. ನಾಲ್ಕೂವರೆ ವರ್ಷ ಹಾಗೇ ನಡೆಯಿತು.

2023ರ ದೀಪಾವಳಿಗೆ ಮೊದಲು ರಾಘಣ್ಣ ಹೋದ. ಅವನ ಅಸ್ಥಿಯನ್ನು ಗಳಗನಾಥಕ್ಕೆ ಒಯ್ದು ಸಂಗಮದಲ್ಲಿ ಬಿಟ್ಟು ಬಂದ ದಿನ ಜೈತೂನಬಿ ಬಂದು ಕಟ್ಟೆಯ ಮೇಲೆ ಕೂತಿದ್ದಳು. ಅತ್ತಿದ್ದಳು ಎಂದು ಮುಖ ಹೇಳುತ್ತಿತ್ತು. ಹೋಗುವಾಗ ಬಾಗಿಲ ಹತ್ತಿರ ನಿಂತು, ಪುಸ್ತಕಗಳನ್ನು ಏನು ಮಾಡುತ್ತೀರಿ, ನನ್ನ ಹೆಸರು ಹೋಗುತ್ತದೆಯೇ ಎಂದು ಕೇಳಿದಳು. ಹತ್ತು ವರ್ಷ ತುಂಬಿರಲಿಲ್ಲ, ಒಂಬತ್ತೇ ಪುಸ್ತಕ. ನಾನು ಕಳಿಸುತ್ತೇನೆ ಎಂದು ಕೈಮೇಲೆ ಕೈ ಇಟ್ಟು ಹೇಳಿದೆ. ತಮ್ಮನ ಮಾತು ಈಗ ನನ್ನ ಮೇಲೆ ಬಂತು.

ರಾಣೇಬೆನ್ನೂರಿನಲ್ಲಿ ರಾಘಣ್ಣನ ಶಿಷ್ಯೆಯಾಗಿದ್ದ ಭುವನಾ ಎಂಬ ಹುಡುಗಿ ಈಗ ದೊಡ್ಡ ಸಂಸ್ಥೆಯೊಂದರಲ್ಲಿ ಇಂಥ ನಕ್ಷತ್ರಗಳನ್ನೇ ಓದುತ್ತಾಳೆ. ಅವಳಿಗೆ ಫೋನು ಮಾಡಿದೆ. ಬಂದು ಒಂಬತ್ತೂ ಪುಸ್ತಕಗಳ ಹಾಳೆ ಹಾಳೆ ಫೋಟೋ ತೆಗೆದುಕೊಂಡು ಹೋದಳು. ಆಕಾಶದಲ್ಲಿ ತಿರುಗುವ ಒಂದು ಉಪಗ್ರಹ ಬುಗುರಿ ಇರುವ ದಿಕ್ಕನ್ನು ಆಗಾಗ ತಿಂಗಳುಗಟ್ಟಲೆ ಬಿಟ್ಟೂಬಿಡದೆ ನೋಡಿದೆಯಂತೆ. ಅದರ ಅಂಕಿಗಳ ಜೊತೆ ಇವನ್ನು ಹೋಲಿಸುತ್ತೇನೆ ಎಂದಳು. ಎಂಟು ತಿಂಗಳ ನಂತರ, ಈ ವರ್ಷದ ಬೇಸಿಗೆಯಲ್ಲಿ, ಮತ್ತೆ ಬಂದಳು. ಪಡಸಾಲೆಯಲ್ಲಿ ಕೂತು ಚಹಾ ತಣ್ಣಗಾಗುವ ತನಕ ಕಪ್ಪನ್ನೇ ತಿರುಗಿಸುತ್ತಿದ್ದಳು. ಕೆಟ್ಟ ಸುದ್ದಿ ತಂದ ಮಕ್ಕಳ ಮುಖ ನನಗೆ ಗೊತ್ತು. ಹೇಳವ್ವಾ, ನನಗೇನೂ ಎದೆ ಒಡೆಯುವುದಿಲ್ಲ ಎಂದೆ.

ಮೊದಲ ನಾಲ್ಕು ಪುಸ್ತಕ ಬಂಗಾರ ಎಂದಳು. ಆ ವರ್ಷಗಳಲ್ಲಿ ಬುಗುರಿಯನ್ನು ಹೀಗೆ ದಿನವೂ ನೋಡಿದವರು ಬೇರೆ ಯಾರೂ ಇಲ್ಲ. ಕೊನೆಯ ನಾಲ್ಕು ಪುಸ್ತಕ ಬಳಸಲು ಬರುವುದಿಲ್ಲ. 2020ರ ನಂತರ ನಕ್ಷತ್ರದ ಹಳೆಯ ಕಲೆಗಳು ಅಳಿದು, ಹೊಸವು ಬೇರೆ ಕಡೆ ಹುಟ್ಟಿ, ಅದರ ಏರಿಳಿತದ ರೀತಿಯೇ ಬದಲಾಯಿತು. ಆದರೆ ಪುಸ್ತಕದಲ್ಲಿ ಬುಗುರಿ ಹಳೆಯ ರೀತಿಯಲ್ಲೇ ಏರುತ್ತದೆ, ಇಳಿಯುತ್ತದೆ. ಇದು ನೋಡಿ ಬರೆದದ್ದಲ್ಲ, ಪಟ್ಟಿ ನೋಡಿ ಹೇಳಿದ್ದು ಎಂದಳು. ನನಗೆ ರೇಗಿತು. ನಮ್ಮ ಜೈತೂನ ಸುಳ್ಳು ಹೇಳುವವಳಲ್ಲ, ನಿನ್ನ ಉಪಗ್ರಹದ ಕಣ್ಣೇ ಕೆಟ್ಟಿರಬೇಕು ಎಂದು ಬಾಯಿಗೆ ಬಂದ ಹಾಗೆ ಅಂದೆ. ಆ ಹುಡುಗಿ ಐದನೆಯ ಪುಸ್ತಕ ತೆಗೆದು, ಗೆರೆ ಎಳೆದ ಆ ಸಾಲಿನ ಮೇಲೆ ಬೆರಳಿಟ್ಟಳು.

"ಅತ್ತಿ, ಈ ಖಾರ ಅಂತ ಬರದದ್ದು ಏನಿದು?"

ಹೇಳಿದೆ. ಘಾಟು, ಹಾಲು, ಹತ್ತಿ, ಎಲ್ಲ. ಅವಳು ತನ್ನ ಲ್ಯಾಪ್‍ಟಾಪ್ ನನ್ನ ಕಡೆ ತಿರುಗಿಸಿದಳು. ಸಣ್ಣ ಸಣ್ಣ ಚುಕ್ಕಿಗಳ ಸಾಲು, ಸಪಾಟಾಗಿ ಬಂದು, ಒಂದು ಕಡೆ ಗೋಡೆಯ ಹಾಗೆ ಎದ್ದು, ಮೆಲ್ಲಗೆ ಇಳಿದಿತ್ತು. 2019ರ ಅದೇ ಜನವರಿ, ಅದೇ ಸಂಜೆ, ಏಳು ಗಂಟೆ ಐವತ್ತು ನಿಮಿಷಕ್ಕೆ ಏರಲು ಶುರು. ಇಪ್ಪತ್ತೈದು ನಿಮಿಷದಲ್ಲಿ ಮುಗಿದಿತ್ತು. ಹಾಗೆ ಸ್ಫೋಟವಾದಾಗ ನಕ್ಷತ್ರ ಕೆಂಪು ಬಿಟ್ಟು ಬೆಳ್ಳಗಾಗುತ್ತದೆ, ಅದನ್ನೂ ಇಲ್ಲಿ ಬರೆದಿದೆ ನೋಡಿ ಎಂದಳು. ರಾಘಣ್ಣ ಜೀವಮಾನವಿಡೀ ಕಾದದ್ದು ನಮ್ಮ ಮಾಳಿಗೆಯ ಮೇಲೆಯೇ ನಡೆಯಿತು. ಅದನ್ನು ನೋಡುತ್ತಿದ್ದ ಎರಡೇ ಕಣ್ಣುಗಳ ಮೇಲೆ ನನ್ನ ಅಂಗೈ ಇತ್ತು.

ಭುವನಾ ಹೋದ ಮೇಲೆ ನಾನು ಅತ್ತೆ. ವಯಸ್ಸಾದವಳು ಒಬ್ಬಳೇ ಅಳುವುದು ಚೆಂದದ ನೋಟವಲ್ಲ, ಇರಲಿ. ಮರುದಿನ ಬೆಳಿಗ್ಗೆ ಆಟೋ ಮಾಡಿಕೊಂಡು ಕದರಮಂಡಲಗಿ ರಸ್ತೆಯ ಕೊನೆಗಿರುವ ಅವಳ ಮನೆಗೆ ಹೋದೆ. ಗೋದಾಮಿಗೆ ಬಣ್ಣ ಆರಿಸುವ ಮಷೀನು ಬಂದ ಮೇಲೆ ಅವಳಿಗೆ ಆ ಕೆಲಸ ಇಲ್ಲ, ಮನೆಗೆ ಚೀಲ ತಂದು ತೊಟ್ಟು ತೆಗೆಯುತ್ತಾಳೆ. ಮೂಗಿನ ಮೇಲೆ ದಪ್ಪ ಕನ್ನಡಕ. ಕುಂದ್ರಿ ಬಾಯಾರ ಎಂದು ಚಾಪೆ ಜಾಡಿಸಿ ಹಾಸಿದಳು. ಬಿಸಿಲಲ್ಲಿ ಯಾಕೆ ಬಂದಿರಿ ಎಂದು ಬಯ್ದು, ನೀರು ತಂದುಕೊಟ್ಟಳು.

ನಾನು ಸುತ್ತಿಬಳಸಿ ಹೇಳಲಿಲ್ಲ. ಮೊದಲ ನಾಲ್ಕು ಪುಸ್ತಕ ನಿನ್ನ ಹೆಸರಿನಲ್ಲಿ ಅಚ್ಚಾಗುತ್ತವೆ, ಆ ಗೆರೆ ಎಳೆದ ಸಾಲೂ ಅಚ್ಚಾಗುತ್ತದೆ, ಅವತ್ತು ನೀನು ಕಂಡದ್ದು ಖರೇ, ತಪ್ಪು ನನ್ನದು ಎಂದೆ. ಅವಳ ಕೈ ನಿಲ್ಲಲಿಲ್ಲ. ಒಂದು ಕಾಯಿ, ಒಂದು ತೊಟ್ಟು, ಇನ್ನೊಂದು ಕಾಯಿ.

"ನನಗ ಗೊತ್ತಿತ್ರಿ ಬಾಯಾರ," ಎಂದಳು.

"ಗೊತ್ತಿದ್ರ ಯಾಕ ಸುಮ್ಮನಾದಿ? ಖಾರ ಅಲ್ಲ ಅಂತ ಹೇಳಬೇಕಿಲ್ಲೋ?"

"ಹೇಳಿದ್ನಲ್ರಿ. ನೀವು ಹಾಲು ಹಚ್ಚಿದ್ರಿ."

ಸಿಟ್ಟಿನಿಂದ ಹೇಳಿದ್ದರೆ ನನಗೆ ತಡೆದುಕೊಳ್ಳಲು ಆಗುತ್ತಿತ್ತು. ಅವಳು ಮಾಮೂಲಿ ದನಿಯಲ್ಲಿ ಹೇಳಿದಳು. ಅವಳೇ ಮುಂದುವರಿಸಿದಳು. ಸರ್ ದೊಡ್ಡವರು, ಲೆಕ್ಕ ಬಲ್ಲವರು, ಅವರೇ ಗೆರೆ ಎಳೆದ ಮೇಲೆ ನನ್ನ ಕಣ್ಣಿನದೇನು ನಡೆಯುತ್ತದೆ, ಪುಸ್ತಕದಿಂದ ಹೆಸರೂ ಹೋದೀತು ಎಂದು ಹೆದರಿದೆ, ಗೋಡೆಯ ಮೇಲಿನದನ್ನೇ ಹೇಳಿದರೆ ಅವರಿಗೂ ಸಮಾಧಾನ, ನಿಮಗೂ ಸಮಾಧಾನ ಎಂದಳು. ಹೆಸರು ಉಳಿಸಿಕೊಳ್ಳಲು ಕಣ್ಣನ್ನು ಬಿಟ್ಟುಕೊಟ್ಟಿದ್ದಳು. ಬಿಟ್ಟುಕೊಡುವಂತೆ ಮಾಡಿದವರು ನಾವು.

"ಆಮ್ಯಾಲೆ ಮತ್ತ ಎರಡ ಸಲ ಹಂಗ ಆತ್ರಿ," ಎಂದಳು. "ಒಮ್ಮೆ ಅಂತೂ ಅದಕ್ಕಿಂತ ಜೋರ. ಡಬ್ಬಿ ಅದರ ಬಾಜೂಕ ಕಾಣಲೇ ಇಲ್ಲ. ನಾ ಒಬ್ಬಾಕೆನ ನೋಡಿದ್ನಿ."

"ಸರ್ರಿಗೆ ಏನ ಹೇಳಿದಿ?"

"ಗ್ವಾಡಿ ಮ್ಯಾಲೆ ಇದ್ದದ್ದು ಹೇಳಿದ್ನಿ. ಡಬ್ಬಿಗೆ ಐದು, ಕಡ್ಡಿಗೆ ಐದು."

ರಾಘಣ್ಣ ಆಗ ಅವಳ ಪಕ್ಕದಲ್ಲೇ, ಒಂದು ಮೊಳ ದೂರದಲ್ಲಿ, ಪೆನ್ನು ಹಿಡಿದು ಕೂತಿದ್ದ. ನಾನು ಕುರ್ಚಿಯಲ್ಲಿ ಕೂತು ಬಹುಶಃ ಯಾರನ್ನೋ ಬಯ್ಯುತ್ತಿದ್ದೆ. ಐದು, ಐದು ಎಂದು ಬರೆದುಕೊಂಡು ಅವನು ಸಮಾಧಾನದಿಂದ ಪುಸ್ತಕ ಮುಚ್ಚಿರಬೇಕು.

ಅವು ಯಾವ ದಿನಗಳು, ಯಾವ ವರ್ಷ ಎಂದು ಕೇಳಿದೆ. ಅವಳು ಕೈಯಲ್ಲಿದ್ದ ಕಾಯಿಯನ್ನು ಹಾಗೇ ಹಿಡಿದು ಬಹಳ ಯೋಚಿಸಿದಳು. ಒಂದು ಸಲ ಚಳಿ ಇತ್ತು ಎಂದಳು. ಇನ್ನೊಂದು ಸಲ ಮೌಲಾಸಾಬನ ಸೊಂಟ ಹಿಡಿದು ಅವನು ಕಟ್ಟೆಗೆ ಬಂದಿರಲಿಲ್ಲ ಎಂದಳು. ಬೇರೆ ಏನೂ ನೆನಪಿಲ್ಲ.

ಮನೆಗೆ ಬಂದು ಭುವನಾಳಿಗೆ ಫೋನು ಮಾಡಿ ಹೇಳಿದೆ. ಆ ಕಡೆ ಅವಳು ಕಾಗದ ಎಳೆದುಕೊಂಡದ್ದು ಕೇಳಿಸಿತು. ತಾರೀಖು ಹೇಳಿ ಅತ್ತಿ, ಉಪಗ್ರಹ ಆಗ ಬೇರೆ ಕಡೆ ನೋಡುತ್ತಿದ್ದರೆ ಇವಳೊಬ್ಬಳೇ ಸಾಕ್ಷಿ, ತಾರೀಖು ಬಹಳ ಮುಖ್ಯ ಎಂದಳು. ಬರೆದಿಲ್ಲವ್ವಾ ಎಂದೆ.